ರಿಸೆಪ್ಷನ್ ಎಷ್ಟು ತಾಸು? ಬಾಗಲಕೋಟೆಯ ಒಂದು ಮನೆಯ ಪ್ರಕರಣ

(ಹೆಸರು, ಕೆಲಸ, ಗುರುತು ಸಿಗುವ ವಿವರ ಎಲ್ಲ ಬದಲಾಯಿಸಿದ್ದೇನೆ.)

"ಮಗಳು ಮದುವಿ ಒಲ್ಲೆ ಅನ್ನಾಕತ್ತಾಳ್ರಿ ಮೇಡಂ" ಅಂತ ಅಪ್ಪ ಫೋನಿನಲ್ಲಿ ಹೇಳಿದ್ದರು. ನವನಗರದಿಂದ ಮಗಳನ್ನು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆದುಕೊಂಡು ಬಂದ ಮೇಲೆ ಗೊತ್ತಾಗಿದ್ದೇ ಬೇರೆ. ಸುಧಾಗೆ 27 ವರ್ಷ. ಹುಬ್ಬಳ್ಳಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹುಡುಗ ಅವಳಿಗೆ ಮನಸಾರೆ ಒಪ್ಪಿಗೆ. "ಮದುವಿ ಒಲ್ಲೆ ಅಂದಿಲ್ರಿ. ಐದು ತಾಸು ಸ್ಟೇಜ್ ಮ್ಯಾಲೆ ನಿಲ್ಲಾಕ ಆಗೂದಿಲ್ಲ ಅಂದೆ" ಎಂದಳು.

ಅಪ್ಪ ಕಲ್ಯಾಣ ಮಂಟಪದವರಿಗೆ ಸಂಜೆ 6ರಿಂದ 11 ಅಂತ ಹೇಳಿಬಿಟ್ಟಿದ್ದರು. ಹುಡುಗ ಒಂದು ತಾಸು ಸಾಕು ಅಂತಿದ್ದ. ಈ ಜಗ್ಗಾಟದಲ್ಲಿ ತಿಂಗಳು ಕಳೆದಿತ್ತು. ಕಾರ್ಡು ಪ್ರಿಂಟಿಗೆ ಹೋಗದೆ ನಿಂತಿತ್ತು.

ನಾನು ಅಪ್ಪ, ಮಗಳು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದೆ.

ಸುಧಾ ಮೊದಲು ಕಾಲುನೋವು ಅಂದಳು. ಆಮೇಲೆ ನಿಶ್ಚಯದ ದಿನದ ಮಾತು ಬಂತು. ಅವತ್ತು ಕ್ಯಾಮೆರಾದ ಲೈಟು ಮುಖಕ್ಕೆ ಬಿದ್ದು ಸ್ವಲ್ಪ ಹೊತ್ತಿಗೇ ಎದೆ ಡವಡವ, ಕೈ ತಣ್ಣಗೆ, ಉಸಿರು ಸಾಲದು. ಎದ್ದು ಕೋಣೆಗೆ ಓಡಿದ್ದಳು. ಮನೆಯವರು ಪಿತ್ತ ಅಂತ ಲಿಂಬೆ ಪಾನಕ ಕೊಟ್ಟರು. ಅಪ್ಪ ಬೈದರು. ಅದು ಪಿತ್ತವೂ ಅಲ್ಲ, ಹಟವೂ ಅಲ್ಲ. ಎಲ್ಲರ ಕಣ್ಣು ತನ್ನ ಮೇಲೇ ಇದೆ ಅನ್ನುವಾಗ ಬರುವ ತೀವ್ರ ಆತಂಕ. "ಕೆಳಗ ಕುಂತು ಚಿಗವ್ವ, ಅತ್ತಿ ಜೋಡಿ ಎಷ್ಟ್ ಹೊತ್ತು ಬೇಕಾದ್ರೂ ಮಾತಾಡ್ತೀನ್ರಿ" ಅಂದಳು. ಈ ಮಾತನ್ನು ನಾನು ಬರೆದಿಟ್ಟುಕೊಂಡೆ.

ಅಪ್ಪನನ್ನು ಕೇಳಿದೆ, ಐದೇ ತಾಸು ಯಾಕೆ? ಅವರು ಚೀಲದಿಂದ ಮುಯ್ಯಿ ಬರೆದ ಹಳೆಯ ವಹಿ ತೆಗೆದರು. "ನಮ್ಮೂರು ಈಗ ನೀರಾಗ ಐತ್ರಿ." ಆಲಮಟ್ಟಿಯ ಹಿನ್ನೀರು 519.60 ಮೀಟರಿಗೆ ನಿಂತಾಗ ಮುಳುಗಿದ ಊರು ಅವರದು. ಅರ್ಧ ಜನ ಪುನರ್ವಸತಿ ಕೇಂದ್ರಕ್ಕೆ ಹೋದರು. ಕೆಲವರು ನವನಗರಕ್ಕೆ, ಇನ್ನು ಕೆಲವರು ಬೀಳಗಿ ಕಡೆ. ವಹಿಯಲ್ಲಿ ಮಾತ್ರ ಎಲ್ಲರೂ ಹಳೆಯ ಓಣಿಯ ಸಾಲಿನಲ್ಲೇ ಇದ್ದಾರೆ. ಮೇಲಿನ ಓಣಿ, ಅಗಸಿ ಓಣಿ, ಹೊಳೆ ಓಣಿ. "ಎಲ್ಲಾರೂ ಒಂದ್ ಕಡೆ ಕೂಡೂದು ಅಂದ್ರ ಮದುವಿಗೆ, ಇಲ್ಲಾ ಮಣ್ಣಿಗೆ. ಬಂದವ್ರನ್ನ ಲಗೂ ಎಬ್ಬಿಸಿ ಹೆಂಗ ಕಳಸ್ಲಿ?"

ಇದನ್ನು ಅವರು ಮಗಳ ಎದುರು ಒಂದು ಸಲವೂ ಹೇಳಿರಲಿಲ್ಲ. ಅವಳೂ ನಿಶ್ಚಯದ ದಿನದ ಭಯ ಹೇಳಿರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಅವರವರ ಬಾಯಿಂದಲೇ ಹೇಳಿಸಿದೆ. ಸುಧಾ ವಹಿ ತಿರುವುತ್ತಾ ತುಂಬಾ ಹೊತ್ತು ಸುಮ್ಮನಿದ್ದಳು.

ಆಮೇಲೆ ಲೆಕ್ಕಕ್ಕೆ ಕುಳಿತೆವು. ಸಂಜೆಗೆ ಸುಮಾರು 900 ಜನ. ಯಾರೂ ಒಬ್ಬೊಬ್ಬರೇ ಸ್ಟೇಜ್ ಹತ್ತುವುದಿಲ್ಲ, ಮನೆಮಂದಿ ಸೇರಿ ಹತ್ತುತ್ತಾರೆ. ನಾಲ್ಕು ಜನರ ಗುಂಪು ಅಂದರೆ 225 ಗುಂಪು. ಒಂದು ಗುಂಪಿಗೆ ಅರ್ಧ ನಿಮಿಷ ಹಿಡಿದರೂ ಎರಡು ತಾಸಿನೊಳಗೆ ಮುಗಿಯುತ್ತದೆ. ಹುಡುಗ ಹೇಳಿದ ಒಂದು ತಾಸಿಗೆ ಆಗುವುದಿಲ್ಲ, ಐದು ತಾಸಂತೂ ಬೇಕಾಗಿಲ್ಲ. ಊಟದ ಲೆಕ್ಕ ಬೇರೆ. ಪಂಕ್ತಿಗೆ 150 ಜನ ಅಂದರೆ ಆರು ಪಂಕ್ತಿ, ಒಂದಕ್ಕೆ 35 ನಿಮಿಷ. ಅಲ್ಲಿಗೇ ಮೂರೂವರೆ ತಾಸು. ಊಟಕ್ಕೆ ಹೊತ್ತು ಬೇಕು ಅಂತ ವಧು ವರ ಸ್ಟೇಜಿನ ಮೇಲೆ ನಿಲ್ಲಬೇಕು ಅಂತೇನೂ ಇಲ್ಲ, ಅಲ್ವಾ? ರಿಸೆಪ್ಷನ್ ಎಷ್ಟು ಹೊತ್ತು ಅಂತ ಜಗಳ ಆಡುವ ಹೆಚ್ಚಿನ ಮನೆಗಳಲ್ಲಿ ಈ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಊಟ 6:30ಕ್ಕೆ ಶುರುವಾಗಲಿ. ಸ್ಟೇಜು 7ರಿಂದ 9:15, ನಡುವೆ 8ಕ್ಕೆ ಹದಿನೈದು ನಿಮಿಷ ಕೋಣೆಯಲ್ಲಿ ವಿಶ್ರಾಂತಿ. ಅದನ್ನು ಫೋಟೋದವರಿಗೂ ಮೊದಲೇ ಹೇಳಿಡಿ. ಧ್ವನಿವರ್ಧಕ ಹೇಗೂ ರಾತ್ರಿ 10ಕ್ಕೆ ಬಂದ್ ಆಗಲೇಬೇಕು. ಮೇ ತಿಂಗಳ ಬಿಸಿಲು, ಬೆಳಗಿನ 4ಕ್ಕೆ ಎದ್ದು ಸುರಗಿ ಶಾಸ್ತ್ರ, ಮಧ್ಯಾಹ್ನ ಅಕ್ಷತೆ. ಆದ್ದರಿಂದ ಸುಧಾ 6ಕ್ಕೇ ಊಟ ಮಾಡಬೇಕು. ಇದನ್ನು ಗಟ್ಟಿಯಾಗಿ ಹೇಳಿದೆ. ನಮ್ಮ ಕಡೆ ಮದುಮಗಳೇ ಎಲ್ಲರಿಗಿಂತ ಕೊನೆಗೆ ಉಣ್ಣುತ್ತಾಳೆ, ನನಗೆ ಇದು ಯಾವತ್ತೂ ಸರಿ ಕಂಡಿಲ್ಲ.

ಮುಳುಗಡೆ ಊರಿನವರಿಗೆ ಸಂಜೆಯ ಸ್ಟೇಜೇ ಬೇಡ. ಹಳ್ಳಿಗೆ ತಿರುಗಿ ಹೋಗುವ ಬಸ್ಸು, ಕ್ರೂಸರ್ ನೋಡಿಕೊಂಡೇ ಬರುವ ಜನ ಅವರು. ಅಕ್ಷತೆ, ಊಟ ಆದ ಮೇಲೆ ಚಾಪೆ ಹಾಸಿ ಅವರನ್ನು ಕೂರಿಸಿ. ವಧು ವರ ಅಲ್ಲಿಗೇ ಹೋಗಿ ಒಂದು ತಾಸು ಅವರ ನಡುವೆ ಕೂರಲಿ. ಕ್ಯಾಮೆರಾ ಬೇಡ.

ಕಾರ್ಡಿನಲ್ಲಿ ಮುಗಿಯುವ ಹೊತ್ತೂ ಹಾಕಿಸಿ ಅಂದಾಗ ಅಪ್ಪ ತಡೆದರು. "ಬಾ ಅಂತ ಕರದು ಹೋಗು ಅಂತ ಬರಸೂದೇನ್ರಿ?" ಅವರ ಮಾತು ಸರಿ ಅನ್ನಿಸಿತು, ನನ್ನ ಸಲಹೆ ಹಿಂದೆ ತೆಗೆದುಕೊಂಡೆ. 'ಸಂಜೆ 7ಕ್ಕೆ' ಅಂತಷ್ಟೇ ಹಾಕಿಸಿ, ತಡವಾಗಿ ಬರುವವರಿಗೆ ಫೋನಿನಲ್ಲಿ ತಿಳಿಸುವುದು ಅಂತಾಯಿತು.

ಸುಧಾಗೆ ನಿಧಾನ ಉಸಿರಾಟದ ಅಭ್ಯಾಸ ಕಲಿಸಿದೆ. ಜೊತೆಗೆ ಗೆಳತಿಯೊಬ್ಬಳು ಇರಬೇಕು, ಸುಧಾ ಕೈ ಹಿಸುಕಿದರೆ ಅವಳು ತಕ್ಷಣ ಕೋಣೆಗೆ ಕರೆದೊಯ್ಯಬೇಕು. ಮದುವೆ ಆದ ಮೇಲೂ ಹೀಗೇ ಆದರೆ ಮನೋವೈದ್ಯರನ್ನು ಕಾಣಲೇಬೇಕು ಅಂತ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮದುವೆಯಾಗಿ ಮೂರು ವಾರಕ್ಕೆ ಸುಧಾ ಫೋನ್ ಮಾಡಿದಳು. ಗೆಳತಿಯ ಕೈ ಒಂದೇ ಸಲ ಹಿಸುಕಿದಳಂತೆ. 9:20ಕ್ಕೆ ಸ್ಟೇಜ್ ಇಳಿದರು. ಮಧ್ಯಾಹ್ನ ಚಾಪೆಯ ಮೇಲೆ ಒಂದು ತಾಸು ಅಂತ ಕುಳಿತದ್ದು ಎರಡು ತಾಸು ದಾಟಿತ್ತು, ಅವಳಿಗೇ ಏಳಲು ಮನಸ್ಸಾಗಲಿಲ್ಲ. ಹೊಳೆ ಓಣಿಯ ಇಬ್ಬರು ಹಿರಿಯರು ಆ ರಾತ್ರಿ ಊರಿಗೆ ಹೋಗದೆ ಉಳಿದರು. ಅಪ್ಪ ಮಂಟಪದ ಹೊರಗೆ ಬೇವಿನ ಗಿಡದ ಕೆಳಗೆ ಅವರ ಜೋಡಿ ಮಾತಾಡುತ್ತಾ ಕುಳಿತು, ಮನೆಗೆ ಬಂದಾಗ ರಾತ್ರಿ 1 ಆಗಿತ್ತಂತೆ.