ಫೋನಿನ ಬ್ಯಾಟರಿಗೆ ಬಿಸಿಲೇ ಶತ್ರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮತ್ತೆ ಬ್ಯಾಟರಿಯ ಕುರಿತಾಗಿಯೇ ಇವೆ. ಇವೇ ಪ್ರಶ್ನೆಗಳಿಗೆ ನಾನು ಹಿಂದೆಯೂ ಉತ್ತರಿಸಿದ್ದೇನೆ. ಆದರೂ ಮೂವತ್ತು ವರ್ಷ ಹಳೆಯ ಸಲಹೆಗಳನ್ನು ಅಂಗಡಿಯವರು ಇಂದಿಗೂ ಹೇಳುತ್ತಿದ್ದಾರೆ, ಕೊಂಡವರು ಅವನ್ನು ನಂಬಿ ಒಳ್ಳೆಯ ಫೋನುಗಳನ್ನು ಹಾಳು ಮಾಡಿಕೊಳ್ಳುತ್ತಿದ್ದಾರೆ. ಆದ್ದರಿಂದ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸಿ, ಉಳಿದವನ್ನು ಚುಟುಕಾಗಿ ಮುಗಿಸುತ್ತೇನೆ.

ಪ್ರಶ್ನೆ: ಹನ್ನೊಂದು ತಿಂಗಳ ಹಿಂದೆ ಹೊಸ ಫೋನ್ ಕೊಂಡೆ. ಅಂಗಡಿಯವರು ಹೇಳಿದಂತೆ ಮೊದಲ ದಿನ ಎಂಟು ಗಂಟೆ ಚಾರ್ಜ್ ಮಾಡಿದೆ. ಆಮೇಲೆ ಕೆಲವು ತಿಂಗಳು, ಪೂರ್ತಿ ಖಾಲಿಯಾಗಿ ಆಫ್ ಆದ ಮೇಲಷ್ಟೇ ಚಾರ್ಜಿಗೆ ಹಾಕುತ್ತಿದ್ದೆ. ಔಷಧ ಕಂಪನಿಯ ಪ್ರತಿನಿಧಿಯಾದ್ದರಿಂದ ದಿನವಿಡೀ ಬೈಕಿನ ಮೇಲೆ ಸುತ್ತಾಟ. ಬೇಸಿಗೆಯಿಂದೀಚೆಗೆ ದಾರಿ ನೋಡಲು ಫೋನನ್ನು ಹ್ಯಾಂಡಲಿನ ಹೋಲ್ಡರಿಗೆ ಸಿಕ್ಕಿಸಿ, ಬೈಕಿನ ಚಾರ್ಜರಿಗೆ ಜೋಡಿಸಿಕೊಂಡೇ ಓಡಾಡುತ್ತಿದ್ದೇನೆ. ಈಗ ಮಧ್ಯಾಹ್ನ ಮೂರಕ್ಕೇ ಬ್ಯಾಟರಿ ಮುಗಿಯುತ್ತಿದೆ. ರಾತ್ರಿಯಿಡೀ ಚಾರ್ಜಿಗಿಟ್ಟು ಮಲಗುವುದೇ ಕಾರಣವೆಂದು ಸ್ನೇಹಿತರು ಹೇಳುತ್ತಾರೆ. ನಿಜವೇ? (ಕಲಬುರಗಿಯ ಓದುಗರು)

ಉತ್ತರ: ನಿಜವಲ್ಲ. ನಿಮ್ಮ ಬ್ಯಾಟರಿ ಸೋತಿರುವುದು ಹಗಲಿನಲ್ಲಿ, ಹ್ಯಾಂಡಲಿನ ಮೇಲೆ.

ಮೊದಲು ಆ ಎಂಟು ಗಂಟೆಯ ವಿಚಾರ. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸುವ ಪದ್ಧತಿ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅರ್ಧಂಬರ್ಧ ಖಾಲಿಯಾದಾಗಲೇ ಮತ್ತೆ ಮತ್ತೆ ತುಂಬಿಸಿದರೆ ಆ ಬ್ಯಾಟರಿಗಳ ಸಾಮರ್ಥ್ಯ ಕುಗ್ಗಿದಂತಾಗುತ್ತಿತ್ತು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಈ ದೋಷವಿಲ್ಲ, ಇಂದಿನ ಎಲ್ಲ ಫೋನು ಮತ್ತು ಟ್ಯಾಬ್ಲೆಟ್‌ಗಳಲ್ಲಿ ಇರುವುದು ಅದೇ ಜಾತಿಯ ಬ್ಯಾಟರಿ. ಪೂರ್ತಿ ಖಾಲಿ ಮಾಡುವುದರಿಂದ ಅದಕ್ಕೆ ಲಾಭವಿಲ್ಲ, ಹಾನಿಯೇ ಹೆಚ್ಚು. ಹೊಸ ಫೋನನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಬಳಸಬಹುದು. ಇದನ್ನು ತಿಳಿಯದೆ ಫೋನ್ ಮಾರುವವರ ಮೇಲೆ ನನಗೆ ಸಿಟ್ಟಿದೆ.

ಕೆಲವರಿಗೆ ಇನ್ನೊಂದು ಭಯ: ಚಾರ್ಜರಿಗೆ ಹಾಕಿದಷ್ಟು ಸಲ ಆಯುಷ್ಯ ಕಡಿಮೆಯಾಗುತ್ತದೆ ಎಂದು. ಲೆಕ್ಕ ಹಾಗಿಲ್ಲ. ಇಂದು ಅರ್ಧ ಬಳಸಿ ತುಂಬಿಸಿ, ನಾಳೆ ಅರ್ಧ ಬಳಸಿ ತುಂಬಿಸಿದರೆ ಎರಡೂ ಸೇರಿ ಒಂದು ಆವರ್ತವಾಗುತ್ತದೆ. ಆಪಲ್ ಕಂಪನಿ ಐಫೋನ್ 14 ಮತ್ತು ಅದಕ್ಕೂ ಹಿಂದಿನವುಗಳಲ್ಲಿ 500 ಪೂರ್ಣ ಆವರ್ತಗಳ ಬಳಿಕ, ಐಫೋನ್ 15ರಲ್ಲಿ 1000 ಆವರ್ತಗಳ ಬಳಿಕ, ಅನುಕೂಲ ಸ್ಥಿತಿಯಲ್ಲಿ ಮೂಲ ಸಾಮರ್ಥ್ಯದ ಶೇ 80ರಷ್ಟು ಉಳಿಯುವಂತೆ ಬ್ಯಾಟರಿ ರೂಪಿಸಿರುವುದಾಗಿ ಹೇಳುತ್ತದೆ. ಯುರೋಪಿಯನ್ ಒಕ್ಕೂಟ 2025ರ ಜೂನ್ 20ರಿಂದ ತನ್ನ ಮಾರುಕಟ್ಟೆಗೆ ಬರುವ ಫೋನುಗಳಿಗೆ 800 ಆವರ್ತಗಳ ಕಟ್ಟುಪಾಡು ಹಾಕಿದೆ. ದಿನಕ್ಕೊಂದು ಆವರ್ತ ಬಳಸಿದರೂ ಹನ್ನೊಂದು ತಿಂಗಳಿಗೆ ಸುಮಾರು 330 ಆಗುತ್ತದೆ. ನಿಮ್ಮ ಬ್ಯಾಟರಿ ಇಷ್ಟರಲ್ಲೇ ಸೋಲಬೇಕಿರಲಿಲ್ಲ.

ಹಾಗಾದರೆ ಸೋತದ್ದೇಕೆ? ಬ್ಯಾಟರಿಯ ಒಳಗೆ, ಋಣ ಧ್ರುವವಾಗಿರುವ ಗ್ರಾಫೈಟಿನ ಮೇಲೆ ತೆಳುವಾದ ಪದರವೊಂದು ಇರುತ್ತದೆ. ಒಳಗಿನ ದ್ರಾವಣವು ಗ್ರಾಫೈಟಿನೊಂದಿಗೆ ಸೇರಿ ನಿಧಾನವಾಗಿ ಈ ಪದರವನ್ನು ದಪ್ಪವಾಗಿಸುತ್ತ ಹೋಗುತ್ತದೆ. ದಪ್ಪವಾದಷ್ಟೂ ಲಿಥಿಯಂ ಅದರಲ್ಲಿ ಸಿಕ್ಕಿಬಿದ್ದು ಕೆಲಸಕ್ಕೆ ಬಾರದಂತಾಗುತ್ತದೆ. ಬ್ಯಾಟರಿಗೆ ವಯಸ್ಸಾಗುವುದೆಂದರೆ ಮುಖ್ಯವಾಗಿ ಇದೇ. ಬಿಸಿಯಾದಾಗ ಈ ಕ್ರಿಯೆ ವೇಗ ಪಡೆಯುತ್ತದೆ. ಪೂರ್ತಿ ತುಂಬಿದ ಸ್ಥಿತಿಯಲ್ಲಿ ವೋಲ್ಟೇಜ್ ಹೆಚ್ಚಿರುವುದರಿಂದ ಇನ್ನಷ್ಟು ವೇಗ ಪಡೆಯುತ್ತದೆ. ತುಂಬಿರುವುದು ಮತ್ತು ಬಿಸಿಯಾಗಿರುವುದು, ಎರಡೂ ಕೂಡಿದರೆ ಬ್ಯಾಟರಿಗೆ ಅದಕ್ಕಿಂತ ಕೆಟ್ಟ ಸ್ಥಿತಿ ನಿತ್ಯದ ಬಳಕೆಯಲ್ಲಿ ಬೇರೊಂದಿಲ್ಲ.

ಈಗ ನಿಮ್ಮ ಬೈಕನ್ನು ನೋಡೋಣ. ಆಪಲ್ ತನ್ನ ಫೋನುಗಳ ಬಳಕೆಗೆ ಸೂಚಿಸಿರುವ ಸುತ್ತಲಿನ ಉಷ್ಣಾಂಶ 0ಯಿಂದ 35 ಡಿಗ್ರಿ ಸೆಲ್ಸಿಯಸ್. ನಿಮ್ಮೂರಿನ ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ನೇರ ಬಿಸಿಲಿಗೆ ಮುಖ ಮಾಡಿದ ಕಪ್ಪು ಗಾಜು, ಬಿಸಿಲಿನಲ್ಲಿ ಕಾಣಿಸಲೆಂದು ಪೂರ್ತಿ ಏರಿಸಿದ ಬೆಳಕು, ಎಡೆಬಿಡದೆ ದುಡಿಯುವ ಜಿಪಿಎಸ್, ಮೇಲಿಂದ ಚಾರ್ಜರ್, ಇವೆಲ್ಲದರ ಬಿಸಿಯೂ ಹೊರಹೋಗದಂತೆ ಹಿಂದೆ ದಪ್ಪನೆಯ ರಬ್ಬರ್ ಕವರ್. ಫೋನು ತಾನಾಗಿ ಬೆಳಕು ತಗ್ಗಿಸಿದ್ದನ್ನು, ಚಾರ್ಜಿಂಗ್ ನಿಂತದ್ದನ್ನು ನೀವು ಗಮನಿಸಿಯೇ ಇರುತ್ತೀರಿ. ಅದು ಫೋನು ಕೊಡುತ್ತಿರುವ ಎಚ್ಚರಿಕೆ. ಇದಲ್ಲದೆ, ಬೈಕಿನ ಎಂಜಿನ್ನಿನ ಅದುರಿಕೆಯಿಂದ ಫೋನಿನ ಕ್ಯಾಮೆರಾದ ಸ್ಥಿರೀಕರಣ ಮತ್ತು ಫೋಕಸ್ ವ್ಯವಸ್ಥೆ ಕೆಡಬಹುದೆಂದು ಆಪಲ್ 2021ರಲ್ಲೇ ಎಚ್ಚರಿಸಿದೆ.

ಗೊತ್ತಿಲ್ಲದ ದಾರಿಯಾದರೆ ನೆರಳಿನಲ್ಲಿ ಬೈಕ್ ನಿಲ್ಲಿಸಿ ನಕ್ಷೆ ನೋಡಿ, ಫೋನನ್ನು ಮತ್ತೆ ಬ್ಯಾಗಿನೊಳಗಿಡಿ. ಚಾರ್ಜಿಂಗನ್ನು ಮಧ್ಯಾಹ್ನದ ಊಟದ ಹೊತ್ತಿಗೆ, ಫ್ಯಾನಿನ ಕೆಳಗೆ, ಕವರ್ ತೆಗೆದು ಮಾಡಿ; ವೇಗದ ಚಾರ್ಜರ್ ಇದ್ದರೆ ಅರ್ಧ ಗಂಟೆಯಲ್ಲಿ ಸಂಜೆಯವರೆಗೆ ಸಾಕಾಗುವಷ್ಟು ಸಿಗುತ್ತದೆ.

ರಾತ್ರಿಯ ಚಾರ್ಜಿಂಗ್‌ಗೆ ನನ್ನ ತಕರಾರಿಲ್ಲ, ಮೇಜಿನ ಮೇಲಿಟ್ಟರೆ ಮಾತ್ರ. ಬ್ಯಾಟರಿ ತುಂಬಿದೊಡನೆ ಫೋನಿನೊಳಗಿನ ಸರ್ಕ್ಯೂಟ್ ಚಾರ್ಜಿಂಗನ್ನು ತಡೆಯುತ್ತದೆ. 2019ರ ಐಒಎಸ್ 13ರಿಂದ ಐಫೋನುಗಳು ಶೇ 80ಕ್ಕೆ ತಡೆದು ನೀವು ಏಳುವ ಹೊತ್ತಿಗೆ ಉಳಿದದ್ದನ್ನು ತುಂಬಿಸಿಕೊಳ್ಳುತ್ತವೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿಯೂ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಶೇ 80ರ ಮಿತಿ ಹಾಕುವ ಅವಕಾಶವಿದೆ. ಅದನ್ನು ಇಂದೇ ಆನ್ ಮಾಡಿ. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಚಾರ್ಜಿಗಿಡುವುದನ್ನು ಮಾತ್ರ ನಾನು ಯಾರಿಗೂ ಒಪ್ಪುವುದಿಲ್ಲ.

ಸವೆದುಹೋದ ಸಾಮರ್ಥ್ಯ ಮರಳಿ ಬರುವುದಿಲ್ಲ. ಶೇ 80ಕ್ಕಿಂತ ಕೆಳಗಿಳಿದಿದ್ದರೆ ಕಂಪನಿಯ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಬ್ಯಾಟರಿ ಬದಲಾಯಿಸಿಕೊಳ್ಳಿ. ಹೊರಗೆ ಹಾಕಿಸುವುದೇ ಆದರೆ ಲೇಬಲ್ಲಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಐಎಸ್ 16046 ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಕೇಳಿ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ನಮೂದಿಸಿದರೆ ಅದು ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ಸಂಖ್ಯೆ ತೋರಿಸಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಒಂದು ಮಾತನ್ನು ಸೇರಿಸಲೇಬೇಕು. ಕೆಲವು ವರ್ಷಗಳ ಹಿಂದೆ ದಿನಸಿ ಅಂಗಡಿಯವರೊಬ್ಬರು ಬಿಲ್ಲಿಂಗಿಗೆ ಬಳಸುತ್ತಿದ್ದ ಟ್ಯಾಬ್ಲೆಟ್ ತಂದು, "ಡಿಸ್‌ಪ್ಲೇ ಎದ್ದಿದೆ ಸಾರ್, ಸ್ವಲ್ಪ ಗಮ್ ಹಾಕಿಕೊಡಿ" ಎಂದರು. ಅದಕ್ಕೂ ಮೊದಲು ಬೇರೊಂದು ರಿಪೇರಿ ಅಂಗಡಿಯಲ್ಲಿ ಗಮ್ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟಿದ್ದರು. ಎರಡು ವರ್ಷ ಹಗಲೂ ರಾತ್ರಿ ಚಾರ್ಜರಿನಲ್ಲೇ ಇದ್ದ ಟ್ಯಾಬ್ಲೆಟ್ ಅದು. ಬಲಬದಿಯ ಅಂಚಿನಲ್ಲಿ ಉಗುರು ಸಲೀಸಾಗಿ ಒಳಹೋಗುವಷ್ಟು ಬಿರುಕು, ಆ ಬಿರುಕಿನಿಂದ ಒಳಗಿನ ಬೆಳಕಿನ ಗೆರೆ ಕಾಣುತ್ತಿತ್ತು; ಮೂಗಿನ ಹತ್ತಿರ ತಂದರೆ ಉಗುರಿನ ಬಣ್ಣ ತೆಗೆಯುವ ದ್ರಾವಣದಂತಹ ಸಿಹಿ ವಾಸನೆ. ಬ್ಯಾಟರಿ ದಿಂಬಿನಂತೆ ಉಬ್ಬಿ ಡಿಸ್‌ಪ್ಲೇಯನ್ನು ಮೇಲೆತ್ತಿತ್ತು. ನಾನು ಅದನ್ನು ಅವರ ಕೈಗೆ ಮರಳಿ ಕೊಡದೆ ಹಿತ್ತಲಿನ ಮರಳಿನ ಬಕೆಟ್ಟಿನಲ್ಲಿಟ್ಟೆ. ಅವರಿಗೆ ಬೇಸರವಾಯಿತು, ನಾನು ಮಣಿಯಲಿಲ್ಲ.

ಉಬ್ಬಿದ ಬ್ಯಾಟರಿಯ ಉಪಕರಣವನ್ನು ಇನ್ನೊಂದು ದಿನವೂ ಬಳಸಬಾರದು. ಆಫ್ ಮಾಡಿ, ಚಾರ್ಜ್ ಮಾಡಬೇಡಿ, ಒತ್ತಬೇಡಿ, ಸೂಜಿಯಿಂದ ಚುಚ್ಚಿ ಗಾಳಿ ತೆಗೆಯಲು ಹೋಗಬೇಡಿ. ಫ್ರಿಜ್ಜಿನಲ್ಲಿಟ್ಟರೆ ಇಳಿಯುತ್ತದೆ ಎಂದು ವಿಡಿಯೊ ಮಾಡುವವರು ಜನರ ಮನೆಗೆ ಬೆಂಕಿ ಹಚ್ಚುವ ಕೆಲಸ ಮಾಡುತ್ತಿದ್ದಾರೆ. ಕಸದ ಗಾಡಿಗೂ ಹಾಕಬೇಡಿ, ಅಲ್ಲಿ ಅದು ಜಜ್ಜಿಹೋಗಿ ಹೊತ್ತಿಕೊಳ್ಳಬಹುದು. ನೇರವಾಗಿ ಸರ್ವೀಸ್ ಸೆಂಟರಿಗೋ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಒಯ್ದು ಕೊಡಿ.

ಪ್ರಶ್ನೆ: ನೀರಿಗೆ ಬಿದ್ದ ಫೋನನ್ನು ಎಷ್ಟು ದಿನ ಅಕ್ಕಿಯಲ್ಲಿಡಬೇಕು? (ಉಡುಪಿ)

ಉತ್ತರ: ಒಂದು ಕ್ಷಣವೂ ಬೇಡ. ಅಕ್ಕಿಯ ಹುಡಿ ಚಾರ್ಜಿಂಗ್ ರಂಧ್ರದೊಳಗೆ ಸೇರುತ್ತದೆ, ಒಳಗಿನ ನೀರು ಅಲ್ಲೇ ಉಳಿದು ತುಕ್ಕು ಹಿಡಿಸುತ್ತದೆ. ಆಫ್ ಮಾಡಿ, ರಂಧ್ರ ಕೆಳಮುಖವಾಗುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿಟ್ಟು ಒಣಗಲು ಬಿಡಿ. ಉಪ್ಪುನೀರಾಗಿದ್ದರೆ ಅದೇ ದಿನ ರಿಪೇರಿಗೆ ಒಯ್ಯಿರಿ.

ಪ್ರಶ್ನೆ: ಫೋನಿನ ವೇಗ ಹೆಚ್ಚಿಸುವ ಒಳ್ಳೆಯ ಕ್ಲೀನರ್ ಆ್ಯಪ್ ಯಾವುದು? (ದಾವಣಗೆರೆ)

ಉತ್ತರ: ಯಾವುದೂ ಇಲ್ಲ, ಇರುವುದನ್ನೂ ತೆಗೆಯಿರಿ. ಮೆಮೊರಿಯನ್ನು ಆಂಡ್ರಾಯ್ಡ್ ತಾನೇ ನಿಭಾಯಿಸುತ್ತದೆ. ಕ್ಲೀನರ್ ಮುಚ್ಚಿದ ಆ್ಯಪನ್ನು ಮೊದಲಿನಿಂದ ತೆರೆಯಲು ಮತ್ತಷ್ಟು ಬ್ಯಾಟರಿ ಖರ್ಚಾಗುತ್ತದೆ. ವಾಟ್ಸ್ಆ್ಯಪಿನಲ್ಲಿ ತುಂಬಿರುವ ಶುಭೋದಯದ ವಿಡಿಯೊಗಳನ್ನು ಅಳಿಸಿ, ಜಾಗ ತಾನಾಗಿ ಆಗುತ್ತದೆ.

ಪ್ರಶ್ನೆ: ಮಗಳ 65 ವ್ಯಾಟ್ ಚಾರ್ಜರನ್ನು ನನ್ನ ಹಳೆಯ ಫೋನಿಗೆ ಹಾಕಿದರೆ ಸುಟ್ಟುಹೋಗುವುದೇ? (ಹಾಸನ)

ಉತ್ತರ: ಒಳ್ಳೆಯ ಕಂಪನಿಯದಾದರೆ ಸುಡುವುದಿಲ್ಲ. 65 ಎನ್ನುವುದು ಚಾರ್ಜರ್ ಕೊಡಬಲ್ಲ ಗರಿಷ್ಠ. ಎಷ್ಟು ಬೇಕೆಂದು ನಿರ್ಧರಿಸುವುದು ಫೋನು. ರಸ್ತೆ ಬದಿಯಲ್ಲಿ ನೂರು ರೂಪಾಯಿಗೆ ಮಾರುವ ಗುರುತಿಲ್ಲದ ಚಾರ್ಜರ್ ಮಾತ್ರ ಎಷ್ಟೇ ವ್ಯಾಟಿನದಾದರೂ ಬೇಡ.

ಪ್ರಶ್ನೆ: 10,000 ಎಂಎಎಚ್ ಪವರ್ ಬ್ಯಾಂಕ್ ನನ್ನ 5,000 ಎಂಎಎಚ್ ಫೋನನ್ನು ಎರಡು ಸಲ ತುಂಬಿಸುತ್ತಿಲ್ಲ. ಮೋಸ ಹೋದೆನೇ? (ಮೈಸೂರು)

ಉತ್ತರ: ಇಲ್ಲ. ಆ 10,000 ಎನ್ನುವುದು ಒಳಗಿನ ಬ್ಯಾಟರಿಯ 3.7 ವೋಲ್ಟಿನಲ್ಲಿನ ಲೆಕ್ಕ, ಅಂದರೆ 37 ವ್ಯಾಟ್ ಅವರ್. ಅದನ್ನು 5 ವೋಲ್ಟಿಗೆ ಏರಿಸುವಾಗ, ಮತ್ತೆ ಫೋನಿನೊಳಗೆ ಇಳಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಸುಮಾರು ಒಂದೂವರೆ ಸಲ ತುಂಬಿದರೆ ಸರಿಯಾಗಿಯೇ ಇದೆ.

ಪ್ರಶ್ನೆ: ವಿಕಿರಣ ತಡೆಯುವ ಸ್ಟಿಕ್ಕರ್ ಅಂಟಿಸಬಹುದೇ? (ತುಮಕೂರು)

ಉತ್ತರ: ಹಣ ಉಳಿಸಿಕೊಳ್ಳಿ.

ಪ್ರಶ್ನೆ: ಮಗನ ಮನೆಗೆಂದು ಎಂಟು ತಿಂಗಳು ಅಮೆರಿಕಕ್ಕೆ ಹೋಗುತ್ತಿದ್ದೇವೆ. ಟ್ಯಾಬ್ಲೆಟನ್ನು ಇಲ್ಲೇ ಬಿಟ್ಟು ಹೋಗುವುದು ಹೇಗೆ? (ಶಿವಮೊಗ್ಗ)

ಉತ್ತರ: ಪೂರ್ತಿ ತುಂಬಿಸಿಯೂ ಇಡಬೇಡಿ, ಪೂರ್ತಿ ಖಾಲಿ ಮಾಡಿಯೂ ಇಡಬೇಡಿ. ಶೇ 50ರ ಹತ್ತಿರ ತಂದು, ಆಫ್ ಮಾಡಿ, ತಂಪಾದ ಒಣ ಕಪಾಟಿನಲ್ಲಿಡಿ. ಮೇಲ್ಛಾವಣಿಗೆ ತಾಗಿದ ಅಟ್ಟ ಬೇಡ, ಅಲ್ಲಿ ಬೇಸಿಗೆಯ ಬಿಸಿ ನಿಲ್ಲುತ್ತದೆ. ಆರನೆಯ ತಿಂಗಳಲ್ಲಿ ಮನೆ ನೋಡಿಕೊಳ್ಳುವವರು ಒಮ್ಮೆ ಆನ್ ಮಾಡಿ ಮತ್ತೆ ಅರ್ಧಕ್ಕೆ ತಂದಿಡಲಿ. ಯಾವ ದಿನ ಚಾರ್ಜ್ ಮಾಡಬೇಕೆಂದು ಚೀಟಿಯಲ್ಲಿ ಬರೆದು ಹಿಂಬದಿಗೆ ಅಂಟಿಸಿ ಹೊರಡಿ.