ಎತ್ತಿಗೆ ಜ್ವರ, ಗಣಿತದ ಪುಸ್ತಕಕ್ಕೆ ಬರೆ

(ಕುಟುಂಬದ ಗುರುತು ಸಿಗದಂತೆ ವಯಸ್ಸು, ಊರು, ತುಕಡಿಯ ವಿವರಗಳನ್ನು ಬದಲಿಸಲಾಗಿದೆ.)

ಆಪ್ತಸಮಾಲೋಚನೆಗೆ ಬಂದವರು 38 ವರ್ಷದ ತಾಯಿ. ಗಂಡ ಅಮೆರಿಕ ಸೇನೆಯಲ್ಲಿ ಸಾರ್ಜೆಂಟ್. ಜರ್ಮನಿಯಲ್ಲಿ ಮೂರು ವರ್ಷದ ಪೋಸ್ಟಿಂಗ್, ಅದರಲ್ಲಿ ಒಂದೂವರೆ ವರ್ಷ ಕಳೆದಿದೆ. ಸೇನಾ ನೆಲೆಯಿಂದ (ಬೇಸ್) 20 ನಿಮಿಷ ದೂರದ ಹಳ್ಳಿಯಲ್ಲಿ ಬಾಡಿಗೆ ಮನೆ. ಮಕ್ಕಳು ಮೂವರು: ಮಗನಿಗೆ 13, ಮಗಳಿಗೆ 9, ಕಿರಿಯವನಿಗೆ 6. ಮೂವರಿಗೂ ಮನೆಯಲ್ಲೇ ಪಾಠ. ಗಂಡನ ತುಕಡಿ ಒಂಬತ್ತು ತಿಂಗಳ ಡಿಪ್ಲಾಯ್‌ಮೆಂಟ್‌ಗೆ (ಕುಟುಂಬ ಬಿಟ್ಟು ಬೇರೆಡೆಯ ಸೇನಾ ಕರ್ತವ್ಯಕ್ಕೆ) ಹೊರಟು ಹತ್ತು ವಾರವಾಗಿತ್ತು.

ಆಕೆ ತಂದ ಪ್ರಶ್ನೆ ನೇರವಾಗಿತ್ತು. "ದೊಡ್ಡವನಿಗೆ ಗಣಿತದ ಪುಸ್ತಕ ತೆರೆದ ಕೂಡಲೇ ಹೊಟ್ಟೆನೋವು. ಮೂರು ತಿಂಗಳಲ್ಲಿ ಎರಡು ಸಲ ಪಠ್ಯಕ್ರಮ ಬದಲಾಯಿಸಿದೆ. ನಾನು ಪಾಠ ಹೇಳೋಕೆ ಲಾಯಕ್ಕಿಲ್ಲ. ಬೇಸ್ ಶಾಲೆಗೆ ಸೇರಿಸಿಬಿಡಲಾ?"

ಶಾಲೆಯೋ ಮನೆಯೋ ಎಂಬುದಕ್ಕೆ ಉತ್ತರ ಹೇಳುವುದು ಆಪ್ತಸಮಾಲೋಚಕರ ಕೆಲಸವಲ್ಲ. ಆದರೆ ಅದನ್ನು ಯಾವಾಗ ತೀರ್ಮಾನಿಸಬಾರದು ಎಂದು ಹೇಳಬಹುದು. ಗಂಡ ಹೊರಟ ಮೊದಲ ತಿಂಗಳುಗಳಲ್ಲಿ, ರಾತ್ರಿ ಐದು ಗಂಟೆಗೂ ಕಡಿಮೆ ನಿದ್ದೆ ಮಾಡಿ, ಹುಡುಗ ಅತ್ತ ದಿನದ ಸಂಜೆ ತೆಗೆದುಕೊಂಡ ತೀರ್ಮಾನ ಶಾಲೆಯ ಬಗ್ಗೆ ಇರುವುದಿಲ್ಲ, ಆ ಸಂಜೆಯ ಬಗ್ಗೆ ಇರುತ್ತದೆ. ಹಾಗಾಗಿ ಆರು ವಾರ ಆ ಪ್ರಶ್ನೆಯನ್ನು ಪಕ್ಕಕ್ಕಿಡಲು ಒಪ್ಪಂದವಾಯಿತು.

ಮೊದಲು ಆಕೆಯ ಸ್ಥಿತಿ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಆಕೆಗೆ ಬಂದದ್ದು 9. ಇದು ಸೌಮ್ಯ ಮಟ್ಟದ ಕೊನೆಯ ಮೆಟ್ಟಿಲು. 10 ಮುಟ್ಟಿದರೆ ವೈದ್ಯರ ಬಳಿ ಕಳಿಸುತ್ತೇವೆ. ಜೀವ ಬೇಡವೆನ್ನುವ ಯೋಚನೆ ಇಲ್ಲ. ನಿದ್ದೆ ಮತ್ತು ಆಯಾಸದ ಪ್ರಶ್ನೆಗಳಿಂದಲೇ ಆರು ಅಂಕ. ನಾಲ್ಕು ವಾರ ಬಿಟ್ಟು ಮತ್ತೆ ಅಳೆಯುವುದೆಂದು ಗುರುತು ಹಾಕಿಕೊಂಡೆವು.

ಆಕೆ ಇಷ್ಟು ತಡವಾಗಿ ಬಂದದ್ದಕ್ಕೆ ಒಂದು ಕಾರಣವಿತ್ತು: ಇಲ್ಲಿ ಆಡಿದ್ದು ಗಂಡನ ಮೇಲಧಿಕಾರಿಯ ಕಿವಿಗೆ ಬಿದ್ದರೆ? ಸೇನಾ ಕುಟುಂಬಗಳಲ್ಲಿ ಈ ಅಂಜಿಕೆ ಬಹಳ ಸಾಮಾನ್ಯ. ಮಿಲಿಟರಿ ಒನ್‌ಸೋರ್ಸ್‌ನಂಥ (ಅಮೆರಿಕದ ಸೇನಾ ಕುಟುಂಬಗಳಿಗೆ ಸರ್ಕಾರವೇ ನಡೆಸುವ ನೆರವಿನ ಸೇವೆ) ವೈದ್ಯಕೀಯೇತರ ಆಪ್ತಸಲಹೆ ಉಚಿತ, ಒಂದು ಸಮಸ್ಯೆಗೆ 12 ಭೇಟಿಗಳವರೆಗೆ ಸಿಗುತ್ತದೆ, ಗುಟ್ಟಾಗಿಯೇ ಉಳಿಯುತ್ತದೆ. ತನಗೋ ಬೇರೆಯವರಿಗೋ ಪ್ರಾಣಾಪಾಯ, ಮನೆಯೊಳಗಿನ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ ಇಂಥ ಸಂದರ್ಭಗಳಲ್ಲಿ ಮಾತ್ರ ವಿಷಯ ಹೊರಗೆ ಹೋಗುತ್ತದೆ. ಇದನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳದಿದ್ದರೆ ಮುಂದಿನ ಐವತ್ತು ನಿಮಿಷ ವ್ಯರ್ಥ.

ಇನ್ನೊಂದು ಭಯ ಎರಡನೇ ಭೇಟಿಯಲ್ಲಿ ಹೊರಬಿತ್ತು. ಮಕ್ಕಳನ್ನು ಮಧ್ಯಾಹ್ನ ಒಂದು ಗಂಟೆಯವರೆಗೆ ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ, ಪರದೆಯನ್ನೂ ಸರಿಸುತ್ತಿರಲಿಲ್ಲ. ಜರ್ಮನಿಯಲ್ಲಿ ಶಾಲೆಗೆ ಹೋಗುವುದು ಕಡ್ಡಾಯ, ಮನೆಪಾಠ ಅದಕ್ಕೆ ಪರ್ಯಾಯವಲ್ಲ. 2013ರಲ್ಲಿ ಮನೆಯಲ್ಲೇ ಕಲಿಸುತ್ತಿದ್ದ ಜರ್ಮನ್ ಕುಟುಂಬವೊಂದರ ನಾಲ್ವರು ಮಕ್ಕಳನ್ನು ಅಧಿಕಾರಿಗಳು ಮೂರು ವಾರ ಬೇರೆಡೆ ಇರಿಸಿದ್ದರು. 2019ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಕ್ರಮದಲ್ಲಿ ಹಕ್ಕು ಉಲ್ಲಂಘನೆ ಇಲ್ಲವೆಂದಿತು. ಇದನ್ನು ಓದಿದ್ದ ಆಕೆಗೆ ಎದುರುಮನೆಯ ಅಜ್ಜಿ "ಇವತ್ತು ಶಾಲೆ ಇಲ್ಲವೇ?" ಎಂದು ಕೇಳಿದ್ದು ವಿಚಾರಣೆಯಂತೆ ಕೇಳಿಸಿತ್ತು.

ನೇಟೋ ಪಡೆಗಳ ಸ್ಥಾನಮಾನದ 1951ರ ಒಪ್ಪಂದ ಮತ್ತು ಜರ್ಮನಿಗೆಂದೇ ಮಾಡಿದ 1959ರ ಪೂರಕ ಒಪ್ಪಂದದ ಅಡಿಯಲ್ಲಿ ಬಂದಿರುವ ಸೈನಿಕರ ಆಶ್ರಿತ ಮಕ್ಕಳಿಗೆ ಜರ್ಮನಿಯ ಶಾಲಾ ಕಡ್ಡಾಯ ಅನ್ವಯಿಸುವುದಿಲ್ಲ. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಸೇನಾ ಗುರುತಿನ ಚೀಟಿ ಇರುವುದಿಲ್ಲ, ಆದ್ದರಿಂದ ಒಪ್ಪಂದದ ಮುದ್ರೆ ಇರುವ ಪಾಸ್‌ಪೋರ್ಟ್‌ನ ಪ್ರತಿ ತಾಯಿಯ ಚೀಲದಲ್ಲಿರಬೇಕು. ಅಜ್ಜಿಗೆ ಹೇಳಲು ಜರ್ಮನ್‌ನಲ್ಲಿ ಎರಡೇ ವಾಕ್ಯ ಕಲಿಸಿದೆವು: ನಾವು ಅಮೆರಿಕದ ಸೇನೆಯ ಕುಟುಂಬ. ಮಕ್ಕಳು ಮನೆಯಲ್ಲಿ ಕಲಿಯಲು ನಮಗೆ ಅನುಮತಿ ಇದೆ. ಮೂರನೆಯ ವಾಕ್ಯ ಸೇರಿಸಿದರೆ ಚರ್ಚೆ ಶುರುವಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಮುಖ್ಯ. ಗಂಡ ಸೇನೆ ಬಿಟ್ಟು ಅಲ್ಲೇ ನೆಲೆಸಿದರೆ, ವಿಚ್ಛೇದನವಾದರೆ, ಅಥವಾ ತಾಯಿಯೋ ಮಕ್ಕಳೋ ಜರ್ಮನ್ ಪೌರತ್ವ ಹೊಂದಿದ್ದರೆ ಈ ರಕ್ಷಣೆಯನ್ನು ನಂಬಿ ಕೂರಬಾರದು. ಬೇಸ್‌ನ ಕಾನೂನು ನೆರವು ಕಚೇರಿಗೆ ಹೋಗಿ ಕೇಳಬೇಕು.

ಇನ್ನು ಹೊಟ್ಟೆನೋವು. ಮಕ್ಕಳ ವೈದ್ಯರು ಪರೀಕ್ಷಿಸಿ ದೈಹಿಕ ಕಾರಣವಿಲ್ಲ ಎಂದಿದ್ದರು. (ಇದನ್ನು ಬಿಟ್ಟು ನೇರ ಮನಸ್ಸಿಗೆ ಹಾರಬಾರದು.) ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಲು ಹೇಳಿದೆವು. ಹುಡುಗ ಕಳೆದ ವರ್ಷವೇ ಮುಗಿಸಿದ್ದ ಪುಸ್ತಕದಿಂದ ಹತ್ತು ಸಮೀಕರಣ, ತಾಯಿ ಪಕ್ಕದಲ್ಲಿ ಕೂತು. ಎರಡು ದಿನ ಬಿಟ್ಟು ಅದೇ ಮಟ್ಟದ ಬೇರೆ ಹತ್ತು, ಅವನೊಬ್ಬನೇ ಅವನ ಕೋಣೆಯಲ್ಲಿ, ಹೊತ್ತಿನ ಮಿತಿಯಿಲ್ಲದೆ. ಮೊದಲ ದಿನ ಮೂರು ಸರಿ, ಎರಡನೇ ದಿನ ಎಂಟು. ಗಣಿತ ಬಾರದ ಮಗುವಿಗೆ ಕೋಣೆ ಬದಲಾದರೆ ಐದು ಅಂಕ ಹೆಚ್ಚುವುದಿಲ್ಲ. ಪಠ್ಯಕ್ರಮ ಎರಡು ಸಲ ಬದಲಾಯಿಸಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ಆ ಪುಸ್ತಕಗಳೋ ಅಮೆರಿಕದಿಂದ ಸೇನಾ ಅಂಚೆಯಲ್ಲಿ ವಾರಗಟ್ಟಲೆ ಕಾದು ಬಂದಂಥವು; ಕಾಯುವ ವಾರಗಳಲ್ಲಿ ಹುಡುಗ ಯಾವುದನ್ನೂ ಕಲಿತಿರಲಿಲ್ಲ, ಹಾಗೆ ಹಿಂದೆ ಬಿದ್ದದ್ದೇ ಇನ್ನೊಂದು ಭಯವಾಗಿತ್ತು.

ಕಾರಣ ಸಿಕ್ಕಿದ್ದು ಒಂದು ಸಾದಾ ಪ್ರಶ್ನೆಯಿಂದ: ಮೊದಲು ಗಣಿತ ಯಾರು ಹೇಳಿಕೊಡುತ್ತಿದ್ದರು? ತಾಯಿ ತುಸು ಹೊತ್ತು ಸುಮ್ಮನಿದ್ದು, "ಅವನಪ್ಪ. ರಾತ್ರಿ ಊಟ ಆದ್ಮೇಲೆ, ಅದೇ ಮೇಜಿನ ಮೇಲೆ," ಎಂದರು. ಆಕೆ ಗಂಡನ ಕುರ್ಚಿಯಲ್ಲಿ ಕೂತು ಗಂಡನ ಪಾಠ ಮಾಡುತ್ತಿದ್ದರು. ಶಾಲೆಗೆ ಹೋಗುವ ಮಗುವಾದರೆ ಅಪ್ಪನಿಲ್ಲದ ಸಂಕಟವನ್ನು ಗೆಳೆಯನ ಮೇಲೋ ಬಸ್ಸಿನಲ್ಲೋ ಆಟದ ಮೈದಾನದಲ್ಲೋ ತೀರಿಸಿಕೊಂಡು ಮನೆಗೆ ಬರುತ್ತದೆ. ಮನೆಯಲ್ಲೇ ಕಲಿಯುವ ಮಗುವಿಗೆ ಅಂಥ ಸೋರುಗಂಡಿ ಕಡಿಮೆ. ಸಿಟ್ಟೂ ಪಾಠವೂ ಊಟವೂ ಒಂದೇ ಮೇಜು, ಎದುರಿಗೆ ಒಂದೇ ಮುಖ.

ಕೊಟ್ಟ ಸಲಹೆಯಲ್ಲಿ ಗಣಿತದ ಭಾಗ ಹೀಗಿತ್ತು. ಅಡುಗೆಮನೆಯ ಮೇಜಿನಿಂದ ಗಣಿತ ಎದ್ದು ಹೋಗಬೇಕು. ಬೆಳಿಗ್ಗೆ 25 ನಿಮಿಷ, ಅವನ ಕೋಣೆಯಲ್ಲಿ, ಅವನೊಬ್ಬನೇ. ಉತ್ತರಗಳ ಪುಸ್ತಕ ಅವನ ಕೈಯಲ್ಲೇ. ತಪ್ಪಾದದ್ದಕ್ಕೆ ಸುತ್ತು ಹಾಕಿ ತಂದರೆ ಮಾತ್ರ ತಾಯಿ ನೋಡುವುದು. ಹೊಸ ಪುಸ್ತಕ ಬೇಡ, ಮೊದಲಿನದಕ್ಕೇ ವಾಪಸ್. ಅಪ್ಪನಿಂದ ರಾತ್ರಿ ವಿಡಿಯೋ ಕರೆಯಲ್ಲಿ ಪಾಠ ಮಾಡಿಸುವ ಯೋಚನೆ ತಾಯಿಗಿತ್ತು, ಅದನ್ನು ಬೇಡವೆಂದೆವು. ಸಂಪರ್ಕ ಯಾವಾಗ ಕಡಿಯುತ್ತದೋ ಹೇಳಲಾಗದು. ಕೆಲವೊಮ್ಮೆ ಭದ್ರತೆಯ ಕಾರಣಕ್ಕೆ ದಿನಗಟ್ಟಲೆ ಇಡೀ ತುಕಡಿಯ ಮಾತುಕತೆಯೇ ಬಂದ್ ಆಗುತ್ತದೆ. ಗಂಟೆ ಗೊತ್ತುಮಾಡಿದ ಕರೆ ಬಾರದಿದ್ದರೆ ಮಗು ಅದನ್ನು ಪಾಠ ತಪ್ಪಿತು ಎಂದುಕೊಳ್ಳುವುದಿಲ್ಲ, ಅಪ್ಪನಿಗೇನೋ ಆಯಿತು ಎಂದುಕೊಳ್ಳುತ್ತದೆ. ಬದಲಿಗೆ ಅಪ್ಪ ವಾರಕ್ಕೆ ಐದು ಲೆಕ್ಕ ಬಿಡಿಸಿ, ಒಂದರಲ್ಲಿ ಬೇಕೆಂದೇ ತಪ್ಪು ಮಾಡಿ, ಫೋಟೋ ಕಳಿಸಬೇಕು. ತಪ್ಪು ಎಲ್ಲಿದೆ ಎಂದು ಹುಡುಗ ಹುಡುಕಿ ಮರುಕಳಿಸಬೇಕು. ಮೂರು ದಿನ ತಡವಾದರೂ ಅದು ಕೆಡುವುದಿಲ್ಲ. ಎರಡನೇ ವಾರಕ್ಕೆ ಹುಡುಗ ಎರಡು ತಪ್ಪು ಹಿಡಿದಿದ್ದ. ಒಂದು ಅಪ್ಪ ಬೇಕೆಂದು ಮಾಡಿದ್ದಲ್ಲ.

ಮನೆಯ ವೇಳಾಪಟ್ಟಿ ಇನ್ನೊಂದು ಗಂಟು. 45 ನಿಮಿಷದ ಆರು ಪೀರಿಯಡ್, ಫೋನಿನಲ್ಲಿ ಗಂಟೆ, ಮೂರು ತರಗತಿ: ದಿನಕ್ಕೆ 18 ಪಾಠ. ಮೂಗಿಗಿಂತ ಮೂಗುತಿ ಭಾರ. ಶಾಲೆಯ 45 ನಿಮಿಷದಲ್ಲಿ ಹಾಜರಿ, ಪುಸ್ತಕ ಹಂಚುವುದು, ಇಪ್ಪತ್ತೈದು ಮಕ್ಕಳನ್ನು ಸುಮ್ಮನಿರಿಸುವುದು ಎಲ್ಲ ಸೇರಿದೆ. ಎದುರಿಗೆ ಒಬ್ಬನೇ ಇದ್ದಾಗ 20ರಿಂದ 25 ನಿಮಿಷ ಸಾಕು, ಆರು ವರ್ಷದವನಿಗೆ 10ರಿಂದ 15. ಇತಿಹಾಸ, ವಿಜ್ಞಾನ ಮೂವರಿಗೂ ಒಟ್ಟಿಗೆ ಗಟ್ಟಿಯಾಗಿ ಓದಿ, ಬರೆಯುವ ಕೆಲಸ ಮಾತ್ರ ಬೇರೆ ಬೇರೆ ಕೊಟ್ಟರೆ ಆರು ಪಾಠ ಎರಡಾಗುತ್ತವೆ.

ಇದಕ್ಕಿಂತ ಮುಖ್ಯವಾದದ್ದು ಮೂರು ಬಗೆಯ ದಿನ. ಪೂರ್ತಿ ದಿನ, ಅರ್ಧ ದಿನ, ಕನಿಷ್ಠ ದಿನ. ಕನಿಷ್ಠ ದಿನವೆಂದರೆ ಗಣಿತ, 20 ನಿಮಿಷ ಓದು, ಅರ್ಧ ಪುಟ ಬರವಣಿಗೆ, ಹೊರಗೆ ಒಂದು ಗಂಟೆ. ಅಷ್ಟಾದರೆ ಆ ದಿನ ಲೆಕ್ಕಕ್ಕೆ ಬಂತು. ಯಾವ ದಿನ ಯಾವುದೆಂದು ಬೆಳಿಗ್ಗೆ ಎಂಟಕ್ಕೆ ಮೊದಲೇ ಬರೆದಿಟ್ಟ ನಿಯಮ ಹೇಳಬೇಕು, ಮನಸ್ಸಿನ ಚುಚ್ಚು ಹೇಳಬಾರದು. ತಾಯಿಗೆ ಐದು ಗಂಟೆ ನಿದ್ದೆ ಆಗಿಲ್ಲವೇ, ಯಾರಿಗಾದರೂ ಜ್ವರವೇ, ಗಂಡ ಹೊರಡುವ ಅಥವಾ ಬರುವ ವಾರವೇ? ಕನಿಷ್ಠ ದಿನ. ಎರಡು ವಾರ ಬರೀ ಕನಿಷ್ಠ ದಿನಗಳೇ ಆದವೆಂದರೆ ನಿಯಮವನ್ನು ಸಡಿಲಿಸದೆ ಸಹಾಯ ಕೇಳಬೇಕು.

ಮಗಳ ಆನ್‌ಲೈನ್ ತರಗತಿ ಅಮೆರಿಕದ ಪೂರ್ವ ಕರಾವಳಿಯ ಬೆಳಿಗ್ಗೆ ಹತ್ತಕ್ಕೆ, ಅಂದರೆ ಜರ್ಮನಿಯಲ್ಲಿ ಸಂಜೆ ನಾಲ್ಕಕ್ಕೆ. ಅಮೆರಿಕದ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರ ಮುಂದಕ್ಕೆ ಹೋಗುತ್ತದೆ, ಯುರೋಪಿನದು ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಅಂತರ ಆರು ಗಂಟೆಯಲ್ಲ, ಐದು. ಅಕ್ಟೋಬರ್ ಕೊನೆಯಲ್ಲೂ ಒಂದು ವಾರ ಹೀಗೇ. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕದ ಮನೆಗಳಲ್ಲಿ ಮಗು ತರಗತಿ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ತೆರೆಯುತ್ತದೆ.

ಶಾಲೆಯ ಪ್ರಶ್ನೆಗೆ ಆಕೆಗೆ ತಿಳಿಯದ ಮಧ್ಯದ ದಾರಿಯೊಂದಿತ್ತು. ವಿದೇಶದ ಬೇಸ್‌ಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆ ನಡೆಸುವ ಶಾಲೆಗಳಿವೆ. ಅರ್ಹ ಆಶ್ರಿತ ಮಕ್ಕಳು ಮನೆಯಲ್ಲೇ ಕಲಿಯುತ್ತಿದ್ದರೂ, ಪೂರ್ತಿಯಾಗಿ ದಾಖಲಾಗದೆ, ಇಷ್ಟೇ ವಿಷಯ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡಿಲ್ಲದೆ, ಆ ಶಾಲೆಗಳ ಆಯ್ದ ತರಗತಿ, ಗ್ರಂಥಾಲಯ, ಸಂಗೀತ, ಆಟಗಳನ್ನು ಬಳಸಲು ಫೆಡರಲ್ ಕಾನೂನೇ ಅವಕಾಶ ಕೊಡುತ್ತದೆ. ಹುಡುಗ ವಾದ್ಯವೃಂದಕ್ಕೂ ಕ್ರಾಸ್ ಕಂಟ್ರಿ ಓಟಕ್ಕೂ ಸೇರಿದ. ಸೋರುಗಂಡಿ ಅಲ್ಲಿ ಸಿಕ್ಕಿತು. ತಾಯಿಗೆಂದು ಬುಧವಾರ ಬೆಳಿಗ್ಗೆ ಮೂರು ಗಂಟೆ: ಇನ್ನೊಂದು ಮನೆಪಾಠದ ಕುಟುಂಬದೊಂದಿಗೆ ಮಕ್ಕಳ ವಿನಿಮಯ, ಒಂದು ವಾರ ಅವರು, ಒಂದು ವಾರ ಇವರು, ಆಕೆಯ ಸರದಿಯ ವಾರ ಮಕ್ಕಳಿಗೆ ಬೇಸ್‌ನ ಮಕ್ಕಳ ಕೇಂದ್ರದಲ್ಲಿ ಗಂಟೆ ಲೆಕ್ಕದ ಆರೈಕೆ. ಆ ಹೊತ್ತಿನಲ್ಲಿ ಪಾಠದ ತಯಾರಿ ಮಾಡಕೂಡದು ಎಂಬ ಷರತ್ತಿಗೆ ಆಕೆ ಒಪ್ಪಲು ಎರಡು ಭೇಟಿ ಬೇಕಾದವು.

ಗೋಡೆಯ ಮೇಲೆ ಅಪ್ಪ ಬರುವ ದಿನಕ್ಕೆ ಎಣಿಕೆ ಹಾಕಿದ್ದರು. ಅದನ್ನು ತೆಗೆಸಿದೆವು. ಬರುವ ದಿನಾಂಕ ಜಾರುತ್ತದೆ, ಜಾರಿದಾಗ ಮಕ್ಕಳು ಅಮ್ಮ ಸುಳ್ಳು ಹೇಳಿದಳು ಎಂದುಕೊಳ್ಳುತ್ತಾರೆ. ಅದೂ ಅಲ್ಲದೆ ತುಕಡಿಯ ದಿನಾಂಕ ಮನೆಗೆ ಬಂದವರ ಕಣ್ಣಿಗೆ, ಫೋಟೋಗಳಿಗೆ ಬೀಳಬಾರದು. ಕಳೆದ ಒಂದೊಂದು ವಾರಕ್ಕೂ ಒಂದು ಗೋಲಿ ಡಬ್ಬಿಗೆ ಹಾಕುವುದು ಸಾಕು. ಎಷ್ಟು ಆಯಿತು ಎಂಬುದು ಗೊತ್ತಾಗುತ್ತದೆ, ಎಷ್ಟು ಉಳಿಯಿತು ಎಂಬ ಮಾತು ಬರುವುದಿಲ್ಲ.

ದಾಖಲೆಗಳ ವಿಷಯ ಮೇಲ್ನೋಟಕ್ಕೆ ಆಪ್ತಸಲಹೆಯಲ್ಲ, ಆದರೆ ಆಕೆಯ ರಾತ್ರಿಯ ಎಚ್ಚರದ ಅರ್ಧಪಾಲು ಅದೇ ಆಗಿತ್ತು. ವಿದೇಶದಲ್ಲಿರುವಾಗ ಯಾವ ರಾಜ್ಯಕ್ಕೂ ಲೆಕ್ಕ ಒಪ್ಪಿಸಬೇಕಿಲ್ಲ. ಮುಂದಿನ ಪೋಸ್ಟಿಂಗ್ ಎಲ್ಲಿಗೋ ಅಲ್ಲಿಯ ನಿಯಮ ಎದುರಾಗುತ್ತದೆ. ವರ್ಜೀನಿಯಾದಲ್ಲಿ ಆಗಸ್ಟ್ 15ರೊಳಗೆ ಮನೆಯಲ್ಲೇ ಕಲಿಸುತ್ತೇವೆಂಬ ನೋಟಿಸ್, ಮರುವರ್ಷ ಆಗಸ್ಟ್ 1ರೊಳಗೆ ಪ್ರಗತಿಯ ಪುರಾವೆ. ನ್ಯೂಯಾರ್ಕ್‌ನಲ್ಲಿ ತ್ರೈಮಾಸಿಕ ವರದಿ, ಆರನೇ ತರಗತಿಯವರೆಗೆ ವರ್ಷಕ್ಕೆ 900 ಗಂಟೆ, ಮೇಲಕ್ಕೆ 990. ಟೆಕ್ಸಾಸ್‌ನಲ್ಲಿ ನೋಟಿಸೂ ಬೇಡ. ಹಾಗಾಗಿ ಬಿಗಿಯಾದ ರಾಜ್ಯವನ್ನೇ ಊಹಿಸಿಕೊಂಡು ಶುಕ್ರವಾರ 15 ನಿಮಿಷ: ವಾರದ ಗಂಟೆಗಳು, ಓದಿದ ಪುಸ್ತಕಗಳು, ವಿಷಯಕ್ಕೊಂದು ಹಾಳೆ. ದೊಡ್ಡವನು ಒಂಬತ್ತನೇ ತರಗತಿಗೆ ಬಂದರೆ ಒಂದು ಕ್ರೆಡಿಟ್‌ಗೆ (ಪ್ರೌಢಶಾಲೆಯಲ್ಲಿ ಒಂದು ವಿಷಯ ಮುಗಿಸಿದ್ದರ ಅಳತೆ) ಸುಮಾರು 120 ಗಂಟೆಯ ಲೆಕ್ಕ, ವಿಷಯವಿವರ. ಈ ಫೈಲ್ ವರ್ಗಾವಣೆಯಲ್ಲಿ ಕೈಚೀಲದಲ್ಲೇ ಹೋಗಬೇಕು. ಮನೆಸಾಮಾನು ಹಡಗಿನಲ್ಲಿ ಬರಲು ಎರಡು ತಿಂಗಳಾದರೂ ಆಶ್ಚರ್ಯವಿಲ್ಲ. ಆ ತಿಂಗಳುಗಳಿಗೆ ಒಬ್ಬರಿಗೆ ಒಂದು ಗಣಿತದ ಪುಸ್ತಕ, ಒಂದು ಓದುವ ಪುಸ್ತಕ, ಒಂದು ನೋಟ್‌ಬುಕ್ ಸೂಟ್‌ಕೇಸಿನಲ್ಲಿ.

ನಾಲ್ಕು ವಾರದ ಮೇಲೆ ಆಕೆಯ ಅಂಕ 6. ಹುಡುಗನ ಹೊಟ್ಟೆನೋವು ವಾರಕ್ಕೆ ಐದರಿಂದ ಒಂದಕ್ಕೆ ಇಳಿದಿತ್ತು, ಅದೂ ಅಪ್ಪನ ಕರೆ ತಪ್ಪಿದ ದಿನ.

ಎಡವಿದ್ದು ಗಂಡ ಮರಳಿದ ಮೇಲೆ. ಮೊದಲ ಮೂರು ವಾರ ಪಾಠದ ವ್ಯವಸ್ಥೆಗೆ ಕೈ ಹಾಕಬಾರದು, ರಾತ್ರಿ ಕಥೆ ಓದುವುದಷ್ಟೇ ಅವರದು, ನಾಲ್ಕನೇ ವಾರ ಗಣಿತ ಅವರಿಗೆ ವಾಪಸ್ ಎಂದು ಮೊದಲೇ ಬರೆದು ಕಳಿಸಿದ್ದೆವು. ಮೂರನೇ ದಿನವೇ ಅವರು ಕನಿಷ್ಠ ದಿನದ ನಿಯಮ ಬರೆದಿದ್ದ ಫಲಕ ನೋಡಿ, "ಇದೇನು, ರಜೆಯಾ?" ಎಂದು ಒರೆಸಿಹಾಕಿದರು. ಹುಡುಗ ಬಾಗಿಲು ಬಡಿದುಕೊಂಡು ಒಳಗೆ ಹೋದ. ಒಂಬತ್ತು ತಿಂಗಳು ಪ್ರತಿಯೊಂದಕ್ಕೂ ತಪಾಸಣೆ ನಡೆಯುವ ಕಡೆಯಿಂದ ಬಂದವರಿಗೆ ಮನೆಯೂ ತಪಾಸಣೆಯ ಜಾಗದಂತೆ ಕಾಣುವುದು ಸಹಜ. ದಂಪತಿಯನ್ನು ಒಟ್ಟಿಗೆ ಕರೆಸಿ, ಫಲಕವನ್ನು ಅವರ ಕೈಯಿಂದಲೇ ಮತ್ತೆ ಬರೆಸಿದೆವು. ಆ ಸಂಜೆ ಹುಡುಗ ಅಪ್ಪ ಬೇಕೆಂದು ಮಾಡದ ತಪ್ಪಿದ್ದ ಹಾಳೆಯನ್ನು ತಂದು ಅವರ ಮುಂದಿಟ್ಟನಂತೆ.