ಮೊತ್ತ ಅಷ್ಟೇ ಇದೆ, ಮಗುವಿನ ಪಾಲು ಕರಗಿದೆ

ಓದುಗರ ಪತ್ರ: ಶಾಲಾಪೂರ್ವ ಶಿಕ್ಷಣದ ಅನುದಾನ ಐದು ವರ್ಷಗಳಿಂದ ಕಡಿತವಾಗಿಲ್ಲ ಎನ್ನುತ್ತಾರೆ. ಆದರೆ ಹುದ್ದೆಗಳು ಖಾಲಿ, ಆಟಿಕೆಗಳು ಮುರಿದಿವೆ. ‘ಇದರ ಲಾಭ ಮೂರನೇ ತರಗತಿಯೊಳಗೆ ಮಾಯವಾಗುತ್ತದೆ, ಹಣ ಏಕೆ ಸುರಿಯಬೇಕು’ ಎಂಬ ವಾದ ಬೇರೆ. ಪೋಷಕರು ಏನು ಮಾಡಬಹುದು?

ಸಂಪಾದಕರ ಉತ್ತರ: ‘ಕಡಿತವಾಗಿಲ್ಲ’ ಎಂಬುದನ್ನೇ ಮೊದಲು ಲೆಕ್ಕ ಹಾಕಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, ಐದು ವರ್ಷಗಳಲ್ಲಿ 100ರಷ್ಟಿದ್ದ ಹಣದ ಶಕ್ತಿ ಸುಮಾರು 75ಕ್ಕೆ ಇಳಿಯುತ್ತದೆ. ಮಕ್ಕಳ ಸಂಖ್ಯೆಯೂ ಶೇ 10ರಷ್ಟು ಹೆಚ್ಚಿದ್ದರೆ ಒಂದು ಮಗುವಿನ ಪಾಲು 68. ಯಾರೂ ಕತ್ತರಿ ಹಿಡಿಯದೆಯೇ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಒಟ್ಟು ಮೊತ್ತದ ಮೇಲೆ ವಾದಕ್ಕಿಳಿದರೆ ನೀವು ಸೋಲುತ್ತೀರಿ. ಬೆಲೆ ಏರಿಕೆ ಕಳೆದು ಪ್ರತಿ ಮಗುವಿಗೆ ಎಷ್ಟು ಎಂದೇ ಕೇಳಿ.

ಬಜೆಟ್ ಪುಸ್ತಕದಲ್ಲಿ ಘೋಷಿತ ಅಂದಾಜನ್ನಷ್ಟೇ ನೋಡಬೇಡಿ. ಪರಿಷ್ಕೃತ ಅಂದಾಜು ಮತ್ತು ವಾಸ್ತವ ಖರ್ಚು ಎಂಬ ಅಂಕಣಗಳನ್ನೂ ಪಕ್ಕದಲ್ಲಿಟ್ಟು ಓದಿ. ಹಣ ಸದ್ದಿಲ್ಲದೆ ಸೋರುವುದು ಅಲ್ಲೇ. ಕಂತು ಬಿಡುಗಡೆಯಾಗುವುದು ವರ್ಷದ ಕೊನೆಗೆ. ಅಷ್ಟರಲ್ಲಿ ನೇಮಕಾತಿಗೂ ತರಬೇತಿಗೂ ಸಮಯವಿಲ್ಲ. ಉಳಿದ ದಿನಗಳಲ್ಲಿ ಆಟಿಕೆಗಳನ್ನು ಸಗಟಾಗಿ ಕೊಳ್ಳುತ್ತಾರೆ, ಅವು ಪೆಟ್ಟಿಗೆಯಲ್ಲೇ ಕೂರುತ್ತವೆ. ಖಾಲಿ ಹುದ್ದೆಗಳ ಸಂಬಳ ‘ಉಳಿತಾಯ’ವಾಗಿ ಖಜಾನೆಗೆ ಮರಳುತ್ತದೆ. ಮುಂದಿನ ವರ್ಷ ಹಣಕಾಸು ಇಲಾಖೆಯ ಮಾತು ಸಿದ್ಧ: ‘ಕೊಟ್ಟದ್ದನ್ನೇ ಖರ್ಚು ಮಾಡಿಲ್ಲ, ಇನ್ನೂ ಏಕೆ?’ ಆದ್ದರಿಂದ ಬೇಡಿಕೆಯ ಮೊದಲ ಸಾಲಿನಲ್ಲಿ ಮೊತ್ತ ಬೇಡ. ಪ್ರತಿ ತ್ರೈಮಾಸಿಕದ ಬಿಡುಗಡೆ ದಿನಾಂಕ ಮತ್ತು ಭರ್ತಿಯಾದ ಹುದ್ದೆಗಳ ಸಂಖ್ಯೆಯನ್ನು ಪ್ರಕಟಿಸಬೇಕು ಎಂಬುದಿರಲಿ.

ಇನ್ನು ಲಾಭ ಮಾಯವಾಗುವ ವಾದ. ಅದು ಪೂರ್ತಿ ಸುಳ್ಳಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 1962ರಿಂದ 1967ರವರೆಗೆ ನಡೆದ ಪೆರ್ರಿ ಪ್ರಯೋಗದಲ್ಲಿ 123 ಬಡ ಮಕ್ಕಳಿದ್ದರು. 58 ಮಂದಿಗೆ ಶಾಲಾಪೂರ್ವ ಶಿಕ್ಷಣ ಸಿಕ್ಕಿತು, 65 ಮಂದಿಗೆ ಸಿಗಲಿಲ್ಲ. ಬುದ್ಧಿಮತ್ತೆ ಅಂಕಗಳ ಅಂತರ ಕೆಲವೇ ವರ್ಷಗಳಲ್ಲಿ ಅಳಿಸಿಹೋಯಿತು. ಆದರೆ 40ರ ವಯಸ್ಸಿನಲ್ಲಿ ನೋಡಿದಾಗ ಮೊದಲ ಗುಂಪಿನವರ ಗಳಿಕೆ ಹೆಚ್ಚು, ಬಂಧನಗಳು ಕಡಿಮೆ. ನೊಬೆಲ್ ಪುರಸ್ಕೃತ ಜೇಮ್ಸ್ ಹೆಕ್ಮನ್ ತಂಡ ಈ ಹೂಡಿಕೆಯ ಪ್ರತಿಫಲವನ್ನು ವರ್ಷಕ್ಕೆ ಶೇ 7ರಿಂದ 10 ಎಂದು ಅಂದಾಜಿಸಿತು.

ಈ ಶೇಕಡಾವಾರನ್ನು ಮಾತ್ರ ಎತ್ತಿ ಹಿಡಿಯುವವರ ಮೇಲೆ ನಮಗೆ ಸ್ವಲ್ಪ ಅಸಮಾಧಾನವಿದೆ. ಪೆರ್ರಿಯಲ್ಲಿ ಒಬ್ಬ ಶಿಕ್ಷಕಿಗೆ ಸುಮಾರು ಆರೇ ಮಕ್ಕಳು, ದಿನಕ್ಕೆ ಎರಡೂವರೆ ಗಂಟೆಯ ತರಗತಿ, ವಾರಕ್ಕೊಮ್ಮೆ ಒಂದೂವರೆ ಗಂಟೆ ಮನೆ ಭೇಟಿ. ಅದರ ಫಲ ತೋರಿಸಿ ಹಣ ಕೇಳಿ, ಒಬ್ಬರ ಮುಂದೆ ಮೂವತ್ತು ಮಕ್ಕಳನ್ನು ಕೂರಿಸಿದರೆ ಅದೇ ಫಲ ಬರುವುದು ಹೇಗೆ? ಅಮೆರಿಕದ್ದೇ ಆದ ಟೆನೆಸೀ ರಾಜ್ಯದ ಶಾಲಾಪೂರ್ವ ಕಾರ್ಯಕ್ರಮದ ಅಧ್ಯಯನ 2022ರಲ್ಲಿ ಪ್ರಕಟವಾದಾಗ, ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳು ಆರನೇ ತರಗತಿಯಲ್ಲಿ ಸಿಗದವರಿಗಿಂತ ಹಿಂದಿದ್ದರು. ಅದನ್ನು ಮುಚ್ಚಿಡಬೇಡಿ, ಎದುರಾಳಿಗಳಿಗಿಂತ ಮೊದಲು ನೀವೇ ಹೇಳಿ. ಸೀಟು ಹೆಚ್ಚಿಸಿದ ಮಾತ್ರಕ್ಕೆ ಕಲಿಕೆ ಹೆಚ್ಚುವುದಿಲ್ಲ, ಹಾಗಾಗಿ ಪ್ರತಿ ಮಗುವಿನ ಪಾಲನ್ನು ಇಳಿಸಿ ಸೀಟು ಹೆಚ್ಚಿಸಕೂಡದು ಎಂದು ಕೇಳಲು ಅದೇ ಒಳ್ಳೆಯ ಆಧಾರ.

ಮೀಸಲು ತೆರಿಗೆ, ಅಂದರೆ ಒಂದೇ ಉದ್ದೇಶಕ್ಕೆಂದು ತೆಗೆದಿಟ್ಟ ತೆರಿಗೆ, ಇದ್ದರೆ ನಿಶ್ಚಿಂತೆ ಎಂದು ಹಲವರು ಭಾವಿಸುತ್ತಾರೆ. ಅಮೆರಿಕದ ಫಿಲಡೆಲ್ಫಿಯಾ ನಗರ 2017ರಿಂದ ಸಿಹಿ ಪಾನೀಯಗಳ ಮೇಲೆ ತೆರಿಗೆ ಹಾಕಿ ಶಾಲಾಪೂರ್ವ ಶಿಕ್ಷಣ ನಡೆಸುತ್ತಿದೆ. ಜನ ಪಾನೀಯ ಕುಡಿಯುವುದು ಕಡಿಮೆಯಾದಂತೆ ತೆರಿಗೆಯೂ ಇಳಿಯುತ್ತದೆ. ಸಂಗ್ರಹ ಆರಂಭದ ಅಂದಾಜನ್ನು ಮುಟ್ಟಲಿಲ್ಲ. ಇನ್ನೊಂದು ಅಪಾಯ: ಮೀಸಲು ಹಣ ಬಂತೆಂದು ಮೊದಲಿದ್ದ ಅನುದಾನವನ್ನು ಬೇರೆಡೆಗೆ ತಿರುಗಿಸುವುದು. ಹಳೆಯ ಮಟ್ಟಕ್ಕಿಂತ ಕೆಳಗಿಳಿಸುವಂತಿಲ್ಲ ಎಂಬ ಷರತ್ತು ಕಾನೂನಿನಲ್ಲೇ ಇರಲಿ.

ಯಾವಾಗ ಕೇಳಬೇಕು? ಬಜೆಟ್ ಭಾಷಣ ಮುಗಿದ ಮೇಲೆ ಬರೆದ ಮನವಿಗೆ ಬೆಲೆ ಕಡಿಮೆ. ಇಲಾಖೆಗಳು ತಮ್ಮ ಬೇಡಿಕೆ ಪಟ್ಟಿ ಕಳಿಸುವುದು ಅದಕ್ಕೂ ತಿಂಗಳುಗಳ ಮುಂಚೆ. ನಿಮ್ಮ ಕಾಗದ ಅಷ್ಟರಲ್ಲಿ ಅಲ್ಲಿರಬೇಕು. ಒಂದೇ ಪುಟ ಸಾಕು: ಪ್ರತಿ ಮಗುವಿನ ಪಾಲು, ಖಾಲಿ ಹುದ್ದೆಗಳು, ಕಂತು ಬಂದ ದಿನಾಂಕಗಳು, ಹಾಗೂ ಶಿಕ್ಷಣ ವೆಚ್ಚದಲ್ಲಿ ಶಾಲಾಪೂರ್ವದ ಶೇಕಡಾ ಪಾಲು. ಕೊನೆಯದನ್ನು ಅಳೆಯಲು ಶಾಲಾಪೂರ್ವ ಶಿಕ್ಷಣ ಕುರಿತ ಯುನೆಸ್ಕೊ ವಿಶ್ವ ಸಮ್ಮೇಳನ 2022ರಲ್ಲಿ ಹೊರಡಿಸಿದ ತಾಷ್ಕೆಂಟ್ ಘೋಷಣೆಯ ಗುರಿ ಇದೆ: ಕನಿಷ್ಠ ಶೇ 10.